ಕ್ವಾರ್ಕೂ ಗರಗದ ಕಾಕಾನೂ

ಮಾಸ್ತರನಾದವನಿಗೆ 'ಗೊತ್ತಿಲ್ಲ' ಎನ್ನುವುದು ಬಹಳ ಕಷ್ಟ. ಇಪ್ಪತ್ತು ವರ್ಷ ಭೌತಶಾಸ್ತ್ರ ಕಲಿಸಿದ ನಾನು ಆ ಮಾತನ್ನು ಆಡದೆ, 'ನಾಳೆ ಹೇಳುತ್ತೇನೆ' ಎಂದೇ ಕಾಲ ತಳ್ಳಿದವನು. ತೊಂಬತ್ತರ ದಶಕದಲ್ಲಿ ಒಮ್ಮೆ, ವಿದ್ಯಾನಗರದ ಕಾಲೇಜಿನಲ್ಲಿ ಒಬ್ಬ ಹುಡುಗಿ ಎದ್ದು, "ಸರ್, ಪ್ರೋಟಾನ್‌ನ್ಯಾಗ ಮೂರು ಕ್ವಾರ್ಕ್ ಅದಾವ ಅಂತೀರಿ. ಒಂದನ್ನ ಹೊರಗ ತಗದು ತೋರಸಾಕ ಯಾಕ ಬರೂದಿಲ್ರಿ?" ಎಂದಳು. ನಾಳೆ ಎಂದೆ. ಮರುದಿನವೂ ನಾಳೆ ಎಂದೆ. ಮೂರನೆಯ ದಿನ ಹಿಂದಿನ ಬೆಂಚಿನಿಂದ ಯಾರೋ ನನಗಿಂತ ಮೊದಲೇ "ನಾಳೆ" ಎಂದರು. ತರಗತಿಯೇ ನಕ್ಕಿತು. ಇನ್ನೊಂದು ದಿನ ಹೀಗಾದರೆ ಆ ಕೋಣೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಎಂದು ಖಚಿತವಾಯಿತು.

ಅಂದು ಸಂಜೆ ನಾಲ್ಕಕ್ಕೆ ಪುಸ್ತಕ ಹಿಡಿದು ಕೂತೆ. ನಾಲ್ಕೂಕಾಲಿಗೆ ಹೆಂಡತಿಯ ಕಾಕಾ ಬಂದರು. ಧಾರವಾಡದ ಹತ್ತಿರ ಗರಗದಲ್ಲಿ ಖಾದಿ ನೇಯುವವರು. ಹುಬ್ಬಳ್ಳಿಗೆ ಬಂದಾಗಲೆಲ್ಲ ನಮ್ಮಲ್ಲಿ ಚಹಾ. ಒಳಗೆ ಕೂತಿರುವಷ್ಟು ಹೊತ್ತು ಅವರಿಂದ ಯಾವ ತೊಂದರೆಯೂ ಇಲ್ಲ. ಅವರ ಪಾಡಿಗೆ ಅವರು ಪೇಪರು, ನನ್ನ ಪಾಡಿಗೆ ನಾನು ಪುಸ್ತಕ. ತೊಂದರೆ ಶುರುವಾಗುವುದು "ಬರ್ತೇನ್ರಿ ಮಾಸ್ತರ" ಎಂದು ಅವರು ಎದ್ದಾಗ. ಬಂದವರನ್ನು ಹೊಸ್ತಿಲಲ್ಲೇ ಕಳಿಸಿಬಿಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಹೊಸ್ತಿಲಲ್ಲಿ ಅವರಿಗೆ ಮಗ್ಗ ನೆನಪಾಯಿತು. ಗೇಟಿನಲ್ಲಿ ನನ್ನ ಹೆಂಡತಿಯ ತಂಗಿಯ ಮದುವೆ. ರಸ್ತೆಯಲ್ಲಿ ನನ್ನ ಬಿ.ಪಿ. ಮನೆಯಿಂದ ದೂರ ಹೋದಷ್ಟೂ ನನ್ನ ತೋಳಿನ ಮೇಲೆ ಅವರ ಹಿಡಿತ ಬಿಗಿಯಾಯಿತು.

"ಕಾಕಾ, ಬಸ್ ತಪ್ಪತೈತ್ರಿ."

"ಇದು ತಪ್ಪಿದ್ರ ಇನ್ನೊಂದ ಬರತೈತಿ. ನಿಮ್ಮ ಮಾರಿ ಯಾಕ ಸಣ್ಣ ಆಗೇತಿ, ಅದನ್ನ ಹೇಳ್ರಿ ಮೊದಲ."

ಬಸ್‌ಸ್ಟಾಪಿನಲ್ಲಿ ನಿಂತಂತೆಯೇ ಮೂರು ಬಸ್ಸು ಹೋದವು. ನಾಲ್ಕನೆಯದು ಬಂದಾಗ ನಾನು, "ಹತ್ತರ್ರಿ ಅಂದ್ರ!" ಎಂದು ಕೂಗಿಯೇಬಿಟ್ಟೆ. ಆ ಗದ್ದಲಕ್ಕೆ ಚಹದಂಗಡಿಯಿಂದ ಪಕ್ಕದ ಮನೆಯ ಅಣ್ಣತಮ್ಮಂದಿರು ಓಡಿಬಂದರು. ಅಣ್ಣ, "ನಾನೂ ಧಾರವಾಡಕ್ಕ ಹೊಂಟೇನಿ, ನಡೀರಿ ಕಾಕಾ" ಎಂದು ಅವರ ಜೊತೆ ಹತ್ತಿದ. ತಮ್ಮ, "ಸರ್, ಭಾಳ ಸಿಟ್ಟಿಗೆದ್ದೀರಿ, ಮನೀತನಕ ಬರ್ತೇನಿ" ಎಂದು ನನಗೆ ಅಂಟಿಕೊಂಡ. ಕಾಕಾ ಒಂಟಿಯಾಗಲಿಲ್ಲ, ನಾನೂ ಆಗಲಿಲ್ಲ.

ಅವನು ಚಹಾ ಕುಡಿದು ಹೋದ ಮೇಲೆ ಪುಸ್ತಕ ತೆರೆದರೆ ಅದನ್ನೇ ಬರೆದಿದ್ದರು. ಕ್ವಾರ್ಕುಗಳು ಹತ್ತಿರವಿದ್ದಾಗ ತಮ್ಮ ಪಾಡಿಗಿರುತ್ತವೆ. ಎಳೆದು ದೂರ ಮಾಡಿದರೆ ಸೆಳೆತ ಸಡಿಲುವುದಿಲ್ಲ. ಇನ್ನೂ ಜಗ್ಗಿದರೆ, ಜಗ್ಗಿದ ಶಕ್ತಿಯಿಂದಲೇ ಹೊಸದೊಂದು ಜೋಡಿ ಹುಟ್ಟಿ, ಒಂದು ಅತ್ತ, ಒಂದು ಇತ್ತ ಸೇರಿಕೊಳ್ಳುತ್ತದೆ. ಒಂಟಿ ಕ್ವಾರ್ಕು ಯಾರ ಕೈಗೂ ಸಿಗುವುದಿಲ್ಲ. ಮರುದಿನ ಕಾಕಾನ ಸಮೇತ ಹೇಳಿದೆ. "ಈಗ ತಿಳೀತ್ರಿ ಸರ್" ಎಂದು ಆ ಹುಡುಗಿ ಕೂತಳು. ಹಿಂದಿನ ಬೆಂಚು, "ಕಾಕಾಗ ಶರಣು ಹೇಳ್ರಿ" ಎಂದಿತು.

ಮುಂದಿನ ವಾರ ಕಾಕಾ ಬಂದರು, ಪೇಪರು ಓದಿದರು, ಎದ್ದರು. "ನಿಮಗ ಓದೂದು ಇರತೈತಿ, ಹೊರಗ ಬರಬ್ಯಾಡ್ರಿ" ಎಂದವರೇ ನೆಟ್ಟಗೆ ಗೇಟು ದಾಟಿದರು. ಪುಸ್ತಕ ಬಿಟ್ಟು, ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿದೆ.

"ಕಾಕಾ, ನಿಲ್ರಿ, ಒಂದು ಮಾತು ಉಳೀತು!"

"ಏನ್ರಿ ಅದು?"

"ಗೊತ್ತಿಲ್ರಿ" ಎಂದೆ. ಆ ಮಾತು ನನ್ನ ಬಾಯಿಂದ ಹೊರಬಂದದ್ದು ಅದೇ ಮೊದಲು.