ಬೊಗ್ಗುವಿನ ಕರಡಿಗೆ

ಹೆಂಗಸು ಮಜ್ಜಿಗೆ ಕಡೆದರೆ ಯಾರ ತಕರಾರೂ ಇಲ್ಲ. ಮರ ಕಡೆದರೆ ಮಾತ್ರ ಊರಿಗೆಲ್ಲ ತಲೆನೋವು. ಅನುಭವದಿಂದಲೇ ಹೇಳುತ್ತಿದ್ದೇನೆ. ಆಗ ನಾನು ಕಾಪುವಿನ ಶಾಲೆಯೊಂದರಲ್ಲಿ ಟೀಚರು. ಮನೆಯಲ್ಲಿ ಅಮ್ಮ, ಯಜಮಾನಿಕೆಗೆ ಸೋದರಮಾವ, ಮತ್ತು ಹನ್ನೆರಡು ವರ್ಷ ದಿನಾ ನನ್ನನ್ನು ಶಾಲೆಯ ಗೇಟಿನವರೆಗೆ ಬಿಟ್ಟು ಬರುತ್ತಿದ್ದ ಬೊಗ್ಗು ಎಂಬ ನಾಯಿ. ಮಾವ ನನಗೆಂದು ಕರೆತಂದ ಇಬ್ಬರು ವರರನ್ನೂ ಬೊಗ್ಗು ಅಂಗಳದಿಂದಲೇ ಅಟ್ಟಿದ್ದ. ಅವನ ಉಪಕಾರ ಅಷ್ಟಿಷ್ಟಲ್ಲ.

ಅವನು ಸತ್ತಾಗ ತೆಂಗಿನ ಬುಡದಲ್ಲಿ ಹೂಳುವುದೆಂದು ಮಾವ ತೀರ್ಮಾನಿಸಿದರು; ಒಳ್ಳೆಯ ಗೊಬ್ಬರವಂತೆ! ನಾನು ಒಪ್ಪಲಿಲ್ಲ. ಕಡಲ ತೀರದಲ್ಲಿ ಸೌದೆ ಒಟ್ಟಿ ನಾನೇ ಸುಟ್ಟು, ಅತ್ತು, ಬೂದಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದೆ. ಮರುದಿನ ನೋಡಿದರೆ ಅಮ್ಮ ಒಲೆಯ ಬೂದಿಯೆಂದು ಅದೇ ಡಬ್ಬಿ ಹಿಡಿದು ಪಾತ್ರೆ ತಿಕ್ಕಲು ಕೂತಿದ್ದಾಳೆ! ಬೂದಿಗೆ ಕೈ ಹಾಕುವ ಮೊದಲೇ ಕಸಿದುಕೊಂಡೆ. ಬೂದಿ ಇಡಲು ಬೊಗ್ಗುವಿಗೊಂದು ಮರದ ಕರಡಿಗೆ ಆಗಲೇಬೇಕೆಂದು ಆಗಲೇ ನಿಶ್ಚಯಿಸಿದೆ.

ಕಾರ್ಕಳದಲ್ಲಿ ತಿರುಗುವ ಯಂತ್ರಕ್ಕೆ ಮರ ಸಿಕ್ಕಿಸಿ ಮಂಚದ ಕಾಲು ಕಡೆಯುವ ಆಚಾರಿಯೊಬ್ಬರಿದ್ದರು. ವಿಷಯ ಕೇಳಿ ಉಳಿ ಕೆಳಗಿಟ್ಟರು. "ನಾಯಿಯ ಬೂದಿಗೆ ಕರಡಿಗೆಯಾ? ನನ್ನಿಂದಾಗದು ಟೀಚರೇ. ಜನ ಎಂತ ಹೇಳಿಯಾರು?"

"ಹಾಗಾದರೆ ಯಂತ್ರ ಬಿಟ್ಟುಕೊಡಿ, ನಾನೇ ಕಡೆಯುತ್ತೇನೆ."

ಅವರು ನಕ್ಕರು. ನಾನು ಸೆರಗು ಸಿಕ್ಕಿಸಿ ನಿಂತೆ. ನಗು ನಿಂತಿತು.

ಅವರಲ್ಲಿಗೆ ಕರೆಂಟು ಇನ್ನೂ ಬಂದಿರಲಿಲ್ಲ. ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿದು ಮರ ತಿರುಗಿಸಬೇಕು. ಐದು ಭಾನುವಾರ ಬಸ್ಸಿನಲ್ಲಿ ಹೋಗಿ ತುಳಿದೆ. ಮೊದಲ ಹಲಸಿನ ತುಂಡು ಸೀಳಿಹೋಯಿತು. ಇನ್ನೊಂದು ಹಾರಿ ಆಚಾರಿಯವರ ಚಹಾದ ಗ್ಲಾಸು ಒಡೆಯಿತು. "ಉಳಿಯನ್ನು ಅಷ್ಟು ಒತ್ತಬೇಡಿ, ಅದು ಮಕ್ಕಳ ಕಿವಿ ಅಲ್ಲ" ಎನ್ನುತ್ತಾ ಕೊನೆಗೆ ಅವರೇ ಕಲಿಸಿಕೊಟ್ಟರು. ಅಂತೂ ಕರಡಿಗೆಯಾಯಿತು. ಮುಚ್ಚಳ ಕೊಂಚ ವಾಲಿತ್ತು. ಬೊಗ್ಗು ಕೂರುತ್ತಿದ್ದದ್ದೂ ಹಾಗೆಯೇ ಎಂದು ನನಗೆ ನಾನೇ ಹೇಳಿಕೊಂಡೆ.

ಅದನ್ನು ಮನೆಯ ಚಾವಡಿಯ ಕಪಾಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ.

"ಇದು ಇಲ್ಲಿದ್ದರೆ ನಾನು ಚಾವಡಿಯಲ್ಲಿ ಕೂರುವುದಿಲ್ಲ" ಎಂದರು ಮಾವ.

"ಜಗಲಿಯಲ್ಲಿ ಚಾಪೆ ಹಾಕುತ್ತೇನೆ ಮಾವ" ಎಂದೆ.

ಒಂದು ವಾರ ಜಗಲಿಯಲ್ಲೇ ಕೂತರು. ಆಮೇಲೊಂದು ಸಂಜೆ ನಾನು ಶಾಲೆಯಿಂದ ಬಂದಾಗ ಕರಡಿಗೆ ಅವರ ಕೈಯಲ್ಲಿತ್ತು. ಮೆಲ್ಲಗೆ ಸವರುತ್ತಿದ್ದರು. "ನನ್ನ ಬೂದಿಯನ್ನು ಸಮುದ್ರಕ್ಕೆ ಬಿಡುವಾಗ ಮಡಕೆ ಬೇಡ ಮಾರಾಯ್ತಿ. ಇಂಥದ್ದೇ ಒಂದು ಮಾಡು. ಆದರೆ ಮುಚ್ಚಳ ನೇರ ಇರಲಿ, ಆಯ್ತಾ?"

ಊರಿಗೇ ಎದುರುತ್ತರ ಕೊಟ್ಟವಳು ಆಗ ಹೂಂ ಎಂದುಬಿಟ್ಟೆ. ನೇರ ಮುಚ್ಚಳ ಕಡೆಯಲು ನನಗೆ ಬಾರದೆಂದು ಇವತ್ತಿನವರೆಗೂ ಅವರಿಗೆ ಹೇಳಿಲ್ಲ.