ನಮ್ಮ ಅತ್ತೆಯ ಕೆನಡಾ ತಂಡ

ನಮ್ಮ ಅತ್ತೆಯವರು, ಅಂದರೆ ನನ್ನ ಹೆಂಡತಿಯ ತಾಯಿ, ಒಂದು ಬೇಸಿಗೆಯಲ್ಲಿ ಕೆನಡಾದ ಫುಟ್‌ಬಾಲ್ ತಂಡ ನಡೆಸಿದರು ಎಂದರೆ ನೀವು ನಗುತ್ತೀರಿ. ಧಾರಾಳವಾಗಿ ನಗಿ. ಅವರು ಕೆನಡಾ ಕಂಡವರಲ್ಲ, ಫುಟ್‌ಬಾಲು ಮುಟ್ಟಿದವರಲ್ಲ. ಅಮೇರಿಕಾದ ಯೂನಿಯನ್ ಸಿಟಿಯ ನಮ್ಮ ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿನಿಂದ ಅವರು ಒಬ್ಬರೇ ಹೊರಗೆ ಹೋಗುತ್ತಿದ್ದದ್ದು ಕಸದ ತೊಟ್ಟಿಯವರೆಗೆ ಮಾತ್ರ. ಆದರೂ ಒಬ್ಬೊಬ್ಬರೂ ಕ್ವಿಂಟಾಲು ತೂಗುವ ಅರವತ್ತು ಗಂಡಾಳುಗಳ ಹಣೆಬರಹ ಅವರ ಕೈಯಲ್ಲಿತ್ತು. ನನ್ನ ಹಣೆಬರಹ ಅದಕ್ಕೂ ಮೊದಲೇ ಅವರ ಕೈ ಸೇರಿತ್ತು, ಆ ಮಾತು ಬೇರೆ!

ಅತ್ತೆಯವರು ಹುಬ್ಬಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಇಪ್ಪತ್ತೈದು ವರ್ಷ ವಾರ್ಡನ್ ಆಗಿದ್ದವರು. ಅವರು ನಿವೃತ್ತರಾದದ್ದು ಕೆಲಸದಿಂದ, ವಾರ್ಡನ್‌ಗಿರಿಯಿಂದಲ್ಲ. ಜನವರಿಯಲ್ಲಿ ನಮಗೆ ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಬಂದರು. ಬಂದ ಎರಡನೇ ದಿನವೇ ನನಗೊಂದು ನಿಯಮ ಹೊರಟಿತು: ಸಂಜೆ ಏಳಕ್ಕೆ ಗೇಟು. ಏಳರ ಮೇಲೆ ಬಂದರೆ ಕಾರಣ ಹೇಳಬೇಕು. ಫ್ರೀವೇನಲ್ಲಿ ಟ್ರಾಫಿಕ್ಕು ಎಂಬುದು ಕಾರಣವಲ್ಲ. ನಮ್ಮ ಆಫೀಸಿನಲ್ಲಾದರೋ ಏಳಕ್ಕೆ ಎದ್ದು ಹೋಗುವವನನ್ನು ಅರ್ಧ ದಿನ ರಜೆ ಹಾಕಿದವನಂತೆ ನೋಡುತ್ತಿದ್ದರು. ಬಾಸಿಗೆ ನನ್ನ ಸಂಕಟ ವಿವರಿಸಿದೆ. ಅವನು ಅದನ್ನು ನಮ್ಮ ಯಾವುದೋ ಧಾರ್ಮಿಕ ವ್ರತವೆಂದು ತಿಳಿದು, ಆರು ಗಂಟೆಗೇ ಗೌರವದಿಂದ ಬೀಳ್ಕೊಡತೊಡಗಿದ.

ಅದು ಡಾಟ್‌ಕಾಮ್ ಕಾಲ. ಹನ್ನೆರಡು ಜನ ಸೇರಿ ಇಂಟರ್ನೆಟ್ಟಿನಲ್ಲಿ ಕಿಟಕಿಯ ಪರದೆ ಮಾರಿದರೆ ಕೋಟ್ಯಧಿಪತಿಗಳಾಗಬಹುದೆಂದು ನಂಬಿದ್ದೆವು. ಹೌದು, ನಮ್ಮ ಕಂಪನಿ ಮಾರುತ್ತಿದ್ದದ್ದು ಕಿಟಕಿಯ ಪರದೆಯನ್ನೇ. ಲಾಸ್ ಆಲ್ಟೋಸಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಮಹಡಿಯ ಮೇಲೆ ನಮ್ಮ ಆಫೀಸು. ಬಾಸು ಕೆನಡಾದ ಗೋಧಿ ಬೆಳೆಯುವ ಸೀಮೆಯವನು. ನೌಕರರಲ್ಲಿ ಒಗ್ಗಟ್ಟು ಬೆಳೆಯಲೆಂದು ಅವನು ಆ ವರ್ಷ ಒಂದು ಆಟ ಹೂಡಿದ. ಕೆನಡಾದಲ್ಲಿ ನಿಜವಾಗಿ ಫುಟ್‌ಬಾಲು ಆಡುವವರ ಹೆಸರುಗಳನ್ನು ಹಂಚಿಕೊಂಡು ನಾವೆಲ್ಲ ಕಾಗದದ ಮೇಲೆ ತಂಡ ಕಟ್ಟಬೇಕು. ಅವರು ಅಲ್ಲಿ ಹೇಗೆ ಆಡುತ್ತಾರೋ ಅದರ ಮೇಲೆ ಇಲ್ಲಿ ನಮಗೆ ಅಂಕ. ಒಬ್ಬೊಬ್ಬರಿಗೆ ಅರವತ್ತು ಹೆಸರು, ಎದುರಿಗೆ ಒಂದೊಂದು ಸಂಬಳ. ಸೀಸನ್ ಶುರುವಾಗುವ ಮೊದಲು ಅದನ್ನು ನಲವತ್ತಕ್ಕೆ ಇಳಿಸಬೇಕು. ಸಂಬಳದ ಒಟ್ಟು ಮೊತ್ತ ಗೊತ್ತುಮಾಡಿದ ಮಿತಿ ದಾಟಬಾರದು. ಅದರಲ್ಲಿ ಅರ್ಧದಷ್ಟಾದರೂ ಕೆನಡಾದವರೇ ಇರಬೇಕು. ಅಮೇರಿಕಾದವರು ಅಲ್ಲಿ ಹೊರಗಿನವರ ಲೆಕ್ಕ. ಈ ಫುಟ್‌ಬಾಲಾದರೂ ಎಂಥದು? ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬ ಓಡುವುದು, ಉಳಿದವರೆಲ್ಲ ಅವನ ಮೇಲೆ ಬೀಳುವುದು. ನನಗೆ ತಲೆಬುಡ ತಿಳಿಯಲಿಲ್ಲ. ಬಾಸು ಕೊಟ್ಟ ಪಟ್ಟಿಯನ್ನು ಮನೆಗೆ ತಂದು ಕಂಪ್ಯೂಟರಿನ ಪಕ್ಕ ಎಸೆದು ಮರೆತೆ.

ಕಂಪ್ಯೂಟರು ಇದ್ದದ್ದು ಹಾಲಿನಲ್ಲಿ. ಅತ್ತೆಯವರು ಮಲಗುತ್ತಿದ್ದದ್ದೂ ಹಾಲಿನಲ್ಲಿ. ಹಾಲಿನಲ್ಲಿದ್ದದ್ದೆಲ್ಲ ಅವರ ಆಡಳಿತಕ್ಕೆ ಸೇರಿದ್ದು.

"ಏನ್ರಿ ಅಳಿಯಂದ್ರ, ಇದ ಅಡ್ಮಿಶನ್ ಲಿಸ್ಟ್ ಇದ್ಧಂಗ ಐತಲ್ರಿ?" ಎಂದು ಮರುದಿನ ಸಂಜೆ ಕೇಳಿದರು. ನಾನು ತಿಳಿದಷ್ಟು ವಿವರಿಸಿದೆ.

"ಅರವತ್ತ ಅರ್ಜಿ, ನಲವತ್ತ ಸೀಟು, ಗ್ರ್ಯಾಂಟು ಇಷ್ಟ ಅಂತ. ಇದರಾಗ ತಿಳೀಲಾರದ್ದ ಏನೈತ್ರಿ? ಇಪ್ಪತ್ತೈದ ವರ್ಷ ಇದನ್ನ ಮಾಡೇನಿ."

ಅಮೇರಿಕಾದವರು ಹೊರಗಿನವರು ಎಂಬ ಭಾಗ ಮಾತ್ರ ಅವರಿಗೆ ಎರಡು ಸಲ ಹೇಳಬೇಕಾಯಿತು. "ಅಮೇರಿಕಾದವರಿಗೂ ಕೋಟಾ ಐತಿ?" ಎಂದು ಕೇಳಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಬರುವಾಗ ಏರ್‌ಪೋರ್ಟಿನಲ್ಲಿ ಒಬ್ಬ ಅಧಿಕಾರಿ ಇವರನ್ನು ನಿಲ್ಲಿಸಿ ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ, ಊಟಕ್ಕೆ ಯಾರು ಹಾಕುತ್ತಾರೆ ಎಂದು ಬಹಳ ಹೊತ್ತು ಕೇಳಿದ್ದನಂತೆ. ಈಗ ಪಟ್ಟಿಯಲ್ಲಿದ್ದ ಒಬ್ಬೊಬ್ಬ ಅಮೇರಿಕಾದವನ ಹೆಸರಿನ ಮೇಲೂ ಬೆರಳಿಟ್ಟು ಅವರು ಅದೇ ಮೂರು ಪ್ರಶ್ನೆ ಕೇಳಿದರು. ಆಮೇಲೆ ಏನೋ ಹೊಳೆದಂತಾಗಿ ಮನೆಯನ್ನೇ ಎಣಿಸಿದರು.

"ನಾನು ಹೊರಗಿನಾಕಿ, ನೀವು ಹೊರಗಿನವ್ರು, ನನ್ನ ಮಗಳೂ ಹೊರಗಿನಾಕಿ. ಊರಿನಾಕಿ ಅಂದ್ರ ಕೂಸು ಒಂದ. ಹಿಂಗಾದ್ರ ನಮ್ಮ ಮನಿ ಟೀಮು ರದ್ದಾಗತೈತಿ ನೋಡ್ರಿ."

ಮರುದಿನದಿಂದಲೇ ಕೆಲಸ ಶುರು. ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ, ಎರೆದು, ಮಲಗಿಸಿ, ಅತ್ತೆಯವರು ಇಂಟರ್ನೆಟ್ಟಿಗೆ ಕೂರುತ್ತಿದ್ದರು. ಆಗ ಇಂಟರ್ನೆಟ್ಟು ಫೋನಿನ ತಂತಿಯಲ್ಲಿ ಕಿರುಚುತ್ತ ಬರುತ್ತಿತ್ತು. ನಮ್ಮ ಮಗು ಆ ಕಿರುಚಾಟ ಕೇಳದೆ ನಿದ್ದೆಯನ್ನೇ ಮಾಡದಷ್ಟು ಒಗ್ಗಿಹೋಯಿತು. ಆಟಗಾರನ ಫೋಟೋ ತೆರೆದರೆ ಮೊದಲು ಕೂದಲು ಬರುವುದು, ಸ್ವಲ್ಪ ಹೊತ್ತಿಗೆ ಹಣೆ, ಇನ್ನೂ ಸ್ವಲ್ಪ ಹೊತ್ತಿಗೆ ಹುಬ್ಬು. ಮೂಗು ಬರುವಷ್ಟರಲ್ಲಿ ಅತ್ತೆಯವರ ತೀರ್ಮಾನ ಆಗಿರುತ್ತಿತ್ತು. ಅವರ ಷರಾಗಳನ್ನು ನಾನೇ ಓದಿದ್ದೇನೆ: "ಹಟಮಾರಿ." "ಊಟ ಜಾಸ್ತಿ." "ತಾಯಿಗೆ ಪತ್ರ ಬರೆಯುವ ಪೈಕಿ ಅಲ್ಲ." ಆಟದ ಬಗ್ಗೆ ಒಂದಕ್ಷರವಿಲ್ಲ!

ನಮ್ಮ ಪಾಲಿಗೆ ಬಂದವರಲ್ಲಿ ಒಬ್ಬ ಭಾರಿ ತಾರೆಯಿದ್ದ. ಚೆಂಡು ಎಸೆಯುವುದರಲ್ಲಿ ಅವನ ಸಮಾನ ಇಲ್ಲವೆಂದು ಆಫೀಸಿಗೆ ಆಫೀಸೇ ಹೊಟ್ಟೆಕಿಚ್ಚು ಪಡುತ್ತಿತ್ತು. ಅತ್ತೆಯವರು ಅವನನ್ನು ಮೊದಲನೇ ವಾರದಲ್ಲೇ ಹೊರಗೆ ಹಾಕಿದರು.

"ಅತ್ತೆ, ಅವನೇ ತಂಡದ ಜೀವ" ಎಂದೆ.

"ಇರಬೌದ್ರಿ. ಆದ್ರ ಇವನೊಬ್ಬನ ಪಗಾರದಾಗ ನಾಲ್ಕ ಮಂದಿ ಉಣ್ತಾರ. ನಾಲ್ಕ ಮಂದೀನ ಉಪಾಸ ಕೆಡವಿ ಇವಗ ತುಪ್ಪ ಬಡಸೂದ ನನ್ನ ಕೈಲೆ ಆಗಂಗಿಲ್ಲ."

ಸುದ್ದಿ ತಿಳಿದ ಬಾಸು ಭಾನುವಾರ ಮಧ್ಯಾಹ್ನ ಮನೆಗೇ ಫೋನು ಮಾಡಿದ. ಅವನಿಗೆ ನಮ್ಮ ಪಟ್ಟಿಯಲ್ಲಿದ್ದ ಒಬ್ಬ ಗಡ್ಡದವನು ಬೇಕಿತ್ತು. ಬದಲಿಗೆ ಇಬ್ಬರನ್ನು ಕೊಡುತ್ತೇನೆಂದ. ಫೋನು ಎತ್ತಿದ್ದು ಅತ್ತೆಯವರು.

"ನೋ ಎಕ್ಸ್‌ಚೇಂಜ್," ಎಂದರು. "ಐ ಹ್ಯಾವ್ ಗಿವನ್ ಹಿಮ್ ಸೀಟ್. ಸೀಟ್ ಈಸ್ ಸೀಟ್." ಅತ್ತಲಿಂದ ಏನೋ ವಾದ ಬಂತು. ಇವರು ಪೂರ್ತಿ ಕೇಳಿ, "ಯು ಕಮ್ ವಿತ್ ಯುವರ್ ಗಾರ್ಡಿಯನ್" ಎಂದು ಫೋನು ಇಟ್ಟರು. ನನ್ನ ಗ್ರೀನ್ ಕಾರ್ಡಿನ ಕಾಗದಗಳು ಆಗ ಆ ಮನುಷ್ಯನ ಮೇಜಿನ ಮೇಲಿದ್ದವು. ಸೋಮವಾರ ಹೆದರುತ್ತ ಹೋದರೆ ಅವನು ಎದ್ದು ನಿಂತು, ಮೇಡಂ ಆರೋಗ್ಯವೇ ಎಂದು ವಿಚಾರಿಸಿದ. ಅಂದಿನಿಂದ ನಾನು ಬರೆದ ಪ್ರೋಗ್ರಾಮು ಓಡುತ್ತದೋ ಇಲ್ಲವೋ ಎಂದು ಅವನು ಕೇಳಲೇ ಇಲ್ಲ. ಕಂಪನಿ ಮುಂದಿನ ವರ್ಷ ಮುಚ್ಚಿಹೋಯಿತು. ಅದಕ್ಕೆ ಅತ್ತೆಯವರು ಕಾರಣರಲ್ಲವೆಂದೇ ಇವತ್ತಿಗೂ ನಂಬಿದ್ದೇನೆ.

ಇಷ್ಟೆಲ್ಲ ತಮಾಷೆಯ ನಡುವೆ ನಮ್ಮ ಮನೆಯಲ್ಲಿ ಒಂದು ವಿಷಯ ಯಾರ ಬಾಯಿಗೂ ಬಾರದೆ ಕುಳಿತಿತ್ತು. ನಾವಿದ್ದ ಈ ಬೇ ಏರಿಯಾದ ಸಂಸಾರಗಳಲ್ಲಿ ಅಜ್ಜಿಯರದು ಪಾಳಿಯ ವ್ಯವಸ್ಥೆ ಎಂಬುದು ಇಲ್ಲಿದ್ದವರಿಗೆಲ್ಲ ಗೊತ್ತು. ಆರು ತಿಂಗಳು ಅವಳ ತಾಯಿ, ಆರು ತಿಂಗಳು ಇವನ ತಾಯಿ. ವೀಸಾದ ಮುದ್ರೆ ಹಾಗೆ, ನಮ್ಮ ಮನೆಯ ಜಾಗವೂ ಹಾಗೆ. ಒಂದು ಹಾಲು, ಒಬ್ಬರೇ ಅಜ್ಜಿ. ಅತ್ತೆಯವರ ಗಡುವು ಜುಲೈ ಮೊದಲ ವಾರಕ್ಕೆ ಮುಗಿಯುತ್ತಿತ್ತು. ಇನ್ನೂ ಆರು ತಿಂಗಳು ಇರಲು ಅನುಮತಿ ಕೇಳುವ ಅರ್ಜಿಯನ್ನು ನನ್ನ ಹೆಂಡತಿ ತಂದು, ತುಂಬಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಸಹಿಯೊಂದು ಬಾಕಿ. ತಾಯಿಯನ್ನು ಬಿಟ್ಟಿರಲು ಅವಳಿಗೆ ಮನಸ್ಸಿಲ್ಲ, ಮೊಮ್ಮಗಳನ್ನು ಬಿಟ್ಟಿರಲು ಅತ್ತೆಗೆ ಮನಸ್ಸಿಲ್ಲ. ಮೈಸೂರಿನಲ್ಲಿ ನನ್ನ ಅಮ್ಮ ಮದ್ರಾಸಿಗೆ ಹೋಗಿ ವೀಸಾ ಹಾಕಿಸಿಕೊಂಡು ಬಂದು, ಮಾರ್ಚಿನಿಂದಲೇ ಸೂಟ್‌ಕೇಸು ಕಟ್ಟಿಟ್ಟು ಕೂತಿದ್ದರು. ಮೊಮ್ಮಗಳನ್ನು ಅವರು ನೋಡಿದ್ದು ಫೋಟೋದಲ್ಲಿ ಮಾತ್ರ. ಯಾರಾದರೂ ಒಬ್ಬರು ಈ ಮಾತು ಎತ್ತಬೇಕಿತ್ತು. ನಾನು ಎತ್ತಲಿಲ್ಲ. ಹೇಡಿ ಎಂದು ಬೇಕಾದರೆ ಬರೆದುಕೊಳ್ಳಿ.

ಹೇಡಿತನಕ್ಕೂ ಒಂದು ಚರಿತ್ರೆಯಿದೆ. ನನ್ನ ಅಮ್ಮನಿಗೂ ಅತ್ತೆಯವರಿಗೂ ನಮ್ಮ ಮದುವೆಯ ದಿನದಿಂದ ಮಾತಿಲ್ಲ. ಅವತ್ತು ಹುಬ್ಬಳ್ಳಿಯಲ್ಲಿ ಅತ್ತೆಯವರು ಮುಂದೆ ನಿಂತು ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಎಲ್ಲ ಬಡಿಸಿದ್ದರು. ಅಮ್ಮ ನಾಲ್ಕು ರೊಟ್ಟಿ ತಿಂದು, ನೀರು ಕುಡಿದು, ಮುಗ್ಧವಾಗಿ ಕೇಳಿದರು: "ಊಟ ಎಷ್ಟು ಹೊತ್ತಿಗೆ?" ಇಪ್ಪತ್ತೈದು ವರ್ಷ ನೂರಾರು ಮಕ್ಕಳಿಗೆ ಉಣಬಡಿಸಿದ ವಾರ್ಡನ್ನರಿಗೆ ಕೇಳುವ ಮಾತೇ ಅದು? ಮೈಸೂರಿನವರಿಗೆ ಅನ್ನ ಬೀಳದೆ ಊಟವಾಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಆ ಗಾಯ ಮಾಯಲಿಲ್ಲ.

ಹಾಗಾಗಿ ಅಮ್ಮ ಫೋನು ಮಾಡಿದಾಗ ಅತ್ತೆಯವರು ಎತ್ತುತ್ತಿರಲಿಲ್ಲ. ನಾವಿಬ್ಬರೂ ಆಫೀಸಿನಲ್ಲಿರುವಾಗ ಫೋನಿನ ಪಕ್ಕದ ಮೆಷಿನ್ನು ಅಮ್ಮನ ದನಿಯನ್ನು ಗಟ್ಟಿಯಾಗಿ ಕೇಳಿಸುತ್ತ ಹಿಡಿದಿಡುತ್ತಿತ್ತು. "ಏನಿಲ್ಲಪ್ಪ, ಸುಮ್ಮನೆ ಮಾಡಿದೆ. ಮಗು ಬೋರಲು ಬಿತ್ತಾ? ನಾನು ಯಾವಾಗ ಬರಲಿ ಅಂತ ಕೇಳ್ತಿಲ್ಲ, ಹಾಗೆ ತಿಳ್ಕೋಬೇಡ. ಇಡ್ತೀನಿ." ಹಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ಅತ್ತೆಯವರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು ಎಂಬುದು ನನ್ನ ಮಂದ ಬುದ್ಧಿಗೆ ಹೊಳೆಯಲೇ ಇಲ್ಲ.

ಜೂನ್ ಕೊನೆಯ ಶನಿವಾರ ಪಟ್ಟಿ ಒಪ್ಪಿಸುವ ದಿನ. ಬೆಳಗಿನ ತಿಂಡಿಯ ಹೊತ್ತಿಗೆ ನಲವತ್ತೊಂದು ಹೆಸರು ಉಳಿದಿದ್ದವು. ಚೆಂಡನ್ನು ಒದೆಯುವುದಕ್ಕೆಂದೇ ಇಬ್ಬರಿದ್ದರು: ಒಬ್ಬ ಅನುಭವಸ್ಥ, ಇನ್ನೊಬ್ಬ ಹೋದ ವರ್ಷವೆಲ್ಲ ಬೆಂಚಿನ ಮೇಲೆ ಕೂತು ಒಂದೂ ಆಟ ಆಡದವನು. ಅತ್ತೆಯವರು ಅನುಭವಸ್ಥನ ಹೆಸರಿಗೆ ಗೆರೆ ಎಳೆದರು.

"ಚೆನ್ನಾಗಿ ಆಡ್ತಾನಲ್ಲ ಅತ್ತೆ, ಅವನನ್ಯಾಕೆ ತೆಗೆದಿರಿ?"

"ಹೋದ ವರ್ಷ ಸೀಟ್ ಸಿಗಲಾರದವ್ರಿಗೆ ಈ ವರ್ಷ ಮೊದಲ ಕೊಡಬೇಕ್ರಿ. ನಮ್ಮ ಹಾಸ್ಟೆಲ್ಲಿನ ಕಾಯ್ದೆ ಅದು." ಪೆನ್ನಿಗೆ ಮುಚ್ಚಳ ಹಾಕಿ, ನನ್ನ ಮುಖ ನೋಡದೆ ಮುಂದುವರಿಸಿದರು. "ನಿಮ್ಮ ಅವ್ವಾರಿಗೆ ಫೋನ್ ಮಾಡಿದ್ದೆ, ನಿನ್ನೆ. ಟಿಕೇಟ್ ತಗಸ್ರಿ ಅಂತ ಹೇಳೇನಿ."

ಅಡುಗೆಮನೆಯಿಂದ ನನ್ನ ಹೆಂಡತಿ ಓಡಿ ಬಂದಳು. "ಅವ್ವಾ, ಏನ್ ಮಾತಾಡಾಕತ್ತಿ? ಫಾರ್ಮ್ ತುಂಬೇನಿ. ಸಹಿ ಒಂದ ಮಾಡೂದೈತಿ."

"ನಂದ ಆರ ತಿಂಗಳ ಆತವ್ವಾ. ಅವರದಿನ್ನೂ ಸುರುನ ಆಗಿಲ್ಲ."

ಅವಳು ಅತ್ತಳು, ಜಗಳ ಆಡಿದಳು, ಎರಡು ದಿನ ತಾಯಿಯೊಡನೆ ಮಾತು ಬಿಟ್ಟಳು. ಅತ್ತೆಯವರು ಅರ್ಜಿಯನ್ನು ಫ್ರಿಜ್ಜಿನಿಂದ ಕಿತ್ತು ಮಡಚಿ ಕಸಕ್ಕೆ ಹಾಕಿದರು. ಅಮ್ಮನ ಜೊತೆ ಏನು ಮಾತಾಡಿದಿರಿ ಎಂದು ನಾನು ಕೇಳಿದೆ. "ಕೂಸಿನ್ನ ಹೆಂಗ ಮಲಗಸೂದು, ಯಾವ ಮಗ್ಗಲಾ ಅಂತ ಎಲ್ಲಾ ಹೇಳ್ದೆ. ಬರಕೊಂಡ್ರು. ಆಮ್ಯಾಲೆ ರೊಟ್ಟಿ ಹಿಟ್ಟ ಹೆಂಗ ಕಲಸೂದು ಅಂತ ಅವರ ಕೇಳಿದ್ರು. ನನ್ನ ಮಗಳಿಗೆ ಮಾಡಿ ಹಾಕಾಕಂತ."

ಆಗಿನ್ನೂ ಏರ್‌ಪೋರ್ಟಿನಲ್ಲಿ ವಿಮಾನದ ಬಾಗಿಲಿನವರೆಗೂ ಹೋಗಿ ಬೀಳ್ಕೊಡಲು ಬಿಡುತ್ತಿದ್ದರು; ಅತ್ತೆಯವರು ಹೊರಟ ದಿನ ನಾವೂ ಅಲ್ಲಿಯವರೆಗೆ ಹೋದೆವು. ಅವರ ತಂಡದ ಮೊದಲ ಆಟ ಅದೇ ವಾರ ಇತ್ತು; ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಕೂಗಿ ಕರೆಯುವವರೆಗೂ ಮಗುವನ್ನು ಭುಜದ ಮೇಲೆ ಹಾಕಿಕೊಂಡು ಅತ್ತಿಂದಿತ್ತ ನಡೆದರು. ಹೆಂಡತಿ ಗಾಜಿನ ಕಡೆಗೆ ಮುಖ ತಿರುಗಿಸಿ ನಿಂತಿದ್ದಳು. ಕರೆದಾಗ ಮಗುವನ್ನು ನನ್ನ ಕೈಗೆ ಕೊಟ್ಟರು, ಆದರೆ ಅದರ ಒಂದು ಪಾದವನ್ನು ಬಿಡಲಿಲ್ಲ.

"ಅಳಿಯಂದ್ರ, ಆರ ತಿಂಗಳ ಕೂಸಿಗೆ ನೆನಪ ಇರತೈತೇನ್ರಿ?"

ಆರು ತಿಂಗಳಲ್ಲಿ ಅವರು ನನ್ನನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಇದಕ್ಕೂ ಗೊತ್ತಿತ್ತು. ಇನ್ನು ನಾಲ್ಕೈದು ತಿಂಗಳು ಉಳಿದಿದ್ದರೆ ಮಗು ಇವರನ್ನೇ ಮೊದಲು ಅಜ್ಜಿ ಎಂದು ಕರೆಯುತ್ತಿತ್ತು. ಈಗ ಆ ಮಾತು ನನ್ನ ಅಮ್ಮನ ಪಾಲಿಗೆ ಹೋಗುತ್ತದೆ ಎಂದು ತಿಳಿದೇ ಅವರು ಮೈಸೂರಿಗೆ ಫೋನು ಮಾಡಿದ್ದರು. ಸುಳ್ಳು ಹೇಳೋಣವೆಂದುಕೊಂಡೆ.

"ಇರಲ್ಲ ಅತ್ತೆ."

"ನನಗ ಇರತೈತಿ ಬಿಡ್ರಿ," ಎಂದರು. ಪಾದವನ್ನು ಕೆನ್ನೆಗೆ ಒತ್ತಿಕೊಂಡು, ಕಾಲುಚೀಲ ಸರಿಮಾಡಿ, ಸಾಲಿಗೆ ಹೋಗಿ ನಿಂತರು.