ಗುಂಡಣ್ಣನ ದೋಣಿಗೆ ಪರದೇಶದ ಬಾವುಟ

ಗಂಡಸಾದವನು ತನ್ನ ಸ್ವಂತ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಒಂದು ದೋಣಿ ಇಟ್ಟುಕೊಳ್ಳುವ ಹಾಗಿಲ್ಲ ಅಂದರೆ ಇದೆಂಥ ಪ್ರಜಾಪ್ರಭುತ್ವ ಎಂದು ಗುಂಡಣ್ಣ ಕುದಿಯುತ್ತಿದ್ದ.

ದೋಣಿ ಅಂದರೆ ಗಾಳಿ ತುಂಬುವ ರಬ್ಬರ್ ದೋಣಿ. ಜೋರು ಮಳೆ ಬಂತೆಂದರೆ ಬಿಟಿಎಂ ಲೇಔಟಿನ ಅವರ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಹೋದ ಮಳೆಗಾಲದಲ್ಲಿ ಆ ನೀರಿನ ದೆಸೆಯಿಂದ ಹೆಂಡತಿ ಪಂಕಜಾಳ ತಮ್ಮನ ಗೃಹಪ್ರವೇಶ ತಪ್ಪಿಹೋಗಿತ್ತು. ಆ ಕಳಂಕವನ್ನು ತೊಳೆಯಲೆಂದೇ ಗುಂಡಣ್ಣ ದೋಣಿ ತಂದದ್ದು. ಅವಳು ಆನಂದಬಾಷ್ಪ ಸುರಿಸುತ್ತಾಳೆಂದು ಕಾದ. ಅವಳ ಕೈಯಿಂದ ಸೌಟು ಜಾರಿ ಬಿತ್ತು.

“ರೀ! ಏನ್ರೀ ಇದು? ಕೊತ್ತಂಬರಿ ಸೊಪ್ಪು ತನ್ನಿ ಅಂದ್ರೆ ದೋಣಿ ತಂದಿದೀರಲ್ರೀ!”

“ನಿನಗೋಸ್ಕರಾನೇ ಕಣೇ...”

“ಭಾನುವಾರ ಗುಜರಿಯವನು ಬರ್ತಾನೆ. ಸ್ಟಿಕರ್ ಇಲ್ಲದ್ದೆಲ್ಲಾ ಅವನಿಗೆ.”

ಪಂಕಜಾ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಮನೆಗೊಂದು ಕಾರು, ಒಂದು ಸ್ಕೂಟರ್, ಅಷ್ಟಕ್ಕೇ ಸ್ಟಿಕರ್ ಎಂಬ ಕಾನೂನು ಅವಳದೇ. (ಮನೆಯೊಳಗಿನ ಕಾನೂನುಗಳೂ ಅವಳವೇ, ಅವಕ್ಕೆ ಸ್ಟಿಕರ್ ಬೇಕಿಲ್ಲ.)

ಶನಿವಾರದ ಪೇಪರು ಗುಂಡಣ್ಣನ ಕಣ್ಣು ತೆರೆಸಿತು. ಶ್ರೀಮಂತರ ವಿಹಾರನೌಕೆಗಳ ಸಂಗತಿ. ಯಜಮಾನ ಒಂದು ದೇಶದವನು, ನೌಕೆ ಇನ್ನೊಂದು ದೇಶದ ಕಡಲಲ್ಲಿ, ಅದರ ಮೇಲೆ ಹಾರುವುದು ಯಜಮಾನ ಕಂಡೇ ಇರದ ಯಾವುದೋ ಪುಟ್ಟ ದ್ವೀಪದ ಬಾವುಟ. ಬಾವುಟ ಯಾರದೋ ಕಾನೂನೂ ಅವರದೇ! ಗುಂಡಣ್ಣ ಕಾಫಿ ಲೋಟ ಹಿಡಿದುಕೊಂಡೇ ಮೇಲಿನ ಮಹಡಿಗೆ ಓಡಿದ. ಅಲ್ಲಿದ್ದ ಚನ್ನಬಸವಯ್ಯನವರಿಗೆ ಕಾರೂ ಇಲ್ಲ, ಸ್ಕೂಟರೂ ಇಲ್ಲ. ಸ್ಟಿಕರ್ ಸುಮ್ಮನೆ ಬಿದ್ದಿತ್ತು.

“ಚನ್ನಬಸವಯ್ಯೋರೆ, ಇವತ್ತಿಂದ ನಿಮ್ಮನೆ ಒಂದು ದ್ವೀಪ ದೇಶ. ನನ್ನ ದೋಣಿಗೆ ನಿಮ್ಮ ಸ್ಟಿಕರ್ ಬೇಕು, ಒಂದು ಬಾವುಟಾನೂ ಬೇಕು.”

“ಹಾಗಾದ್ರೆ ನಮ್ಮನೆಯವ್ರನ್ನ ಒಂದ್ಮಾತು ಕೇಳ್ಬೇಕು, ಇರಿ,” ಅಂದರು ದ್ವೀಪಾಧಿಪತಿಗಳು.

ಗಿರಿಜಾದೇವಿಯವರು ಬೀರು ತೆಗೆದು ರವಿಕೆ ಕಣಗಳ ರಾಶಿಯಿಂದ ಹಸಿರು ಕಣವೊಂದನ್ನು ಕೊಟ್ಟರು. (ರವಿಕೆ ಕಣವನ್ನು ನಮ್ಮಲ್ಲಿ ಯಾರೂ ಹೊಲಿಸುವುದಿಲ್ಲ. ಈ ಹಬ್ಬಕ್ಕೆ ಒಂದು ಮನೆಯಿಂದ ಅರಿಶಿನ ಕುಂಕುಮದ ಜೊತೆ ಬರುತ್ತದೆ, ಮುಂದಿನ ಹಬ್ಬಕ್ಕೆ ಇನ್ನೊಂದು ಮನೆಗೆ ಹೊರಡುತ್ತದೆ.) ಗುಂಡಣ್ಣ ಅದರ ಮಡಿಕೆಯನ್ನೂ ಬಿಚ್ಚದೆ ಕೋಲಿಗೆ ಕಟ್ಟಿ ದೋಣಿಗೆ ಸಿಕ್ಕಿಸಿದ.

ಭಾನುವಾರ ಗುಜರಿಯವನು ದೋಣಿಗೆ ಕೈಹಾಕಿದ.

“ಮುಟ್ಟಬೇಡಪ್ಪಾ! ಇದು ಪರದೇಶದ ನೌಕೆ!” ಗುಂಡಣ್ಣ ಗರ್ಜಿಸಿದ. “ಪಂಕಜಾ, ಬಾವುಟ ನೋಡು, ಸ್ಟಿಕರ್ ನೋಡು. ಬಾವುಟ ಯಾರದೋ ಕಾನೂನು ಅವರದು. ನಿನ್ನ ಆಡಳಿತ ಇಲ್ಲಿ ನಡೆಯಲ್ಲ!”

ಪಂಕಜಾ ದಂಗಾಗಿ ನಿಂತಳು. ಮದುವೆಯಾದ ಲಾಗಾಯ್ತು ಅವಳು ಬಾಯಿಗೆ ಮಾತು ಬಾರದೆ ನಿಂತದ್ದನ್ನು ಗುಂಡಣ್ಣ ನೋಡಿದ್ದು ಅದೇ ಮೊದಲು. ಅವನಿಗೇ ಸ್ವಲ್ಪ ಹೆದರಿಕೆಯಾಯಿತು.

ಮಧ್ಯಾಹ್ನ ಮಳೆ ಹುಯ್ದು ಪಾರ್ಕಿಂಗಿಗೂ ನೀರು ನುಗ್ಗಿತು. ಸಂಜೆಗೆ ಪಂಕಜಾಳ ತಮ್ಮನ ಮಗುವಿನ ನಾಮಕರಣ. ರೇಷ್ಮೆ ಸೀರೆಯುಟ್ಟು ಇಳಿದವಳು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಮಗು ನೋಡಲು ಹೊರಟಿದ್ದ ಗಿರಿಜಾದೇವಿಯವರೂ ಜೊತೆಗಿದ್ದರು. ಗುಂಡಣ್ಣ ದೋಣಿಯಲ್ಲಿ ಚಕ್ಕಂಬಕ್ಕಳ ಹಾಕಿ ತೇಲುತ್ತಿದ್ದ.

“ಹತ್ತಬೇಕಾದ್ರೆ ಅಪ್ಪಣೆ ಕೇಳ್ಬೇಕು,” ಅಂದ, ಮೀಸೆ ಸವರಿಕೊಂಡು.

ಪಂಕಜಾ ಗಾಳಿಗೆ ಮಡಿಕೆ ಬಿಚ್ಚಿಕೊಂಡ ಬಾವುಟವನ್ನೇ ನೋಡುತ್ತಿದ್ದಳು. ಅದರ ನಟ್ಟನಡುವೆ ಇಸ್ತ್ರಿ ಪೆಟ್ಟಿಗೆಯ ಆಕಾರದ ಒಂದು ತೂತು!

“ರೀ! ಇದು ನಮ್ಮನೆ ಕಣ! ಇಸ್ತ್ರಿ ಮಾಡ್ತೀನಿ ಅಂತ ನೀವೇ ಸುಟ್ಟಿದ್ದಲ್ವಾ? ಸುಟ್ಟಿದ್ದು ಒಳಗೆ ಮಡಿಸಿ ಗೌರಿ ಹಬ್ಬಕ್ಕೆ...” ಎಂದವಳು ನಾಲಿಗೆ ಕಚ್ಚಿಕೊಂಡಳು.

“ಅಯ್ಯೋ ಶಿವನೇ! ನಂಗೆ ಸುಟ್ಟ ಕಣ ಕೊಟ್ಟಿದ್ರಾ?” ಗಿರಿಜಾದೇವಿಯವರು ಎದೆಯ ಮೇಲೆ ಕೈಯಿಟ್ಟುಕೊಂಡರು.

ಇಬ್ಬರೂ ಪರಸ್ಪರ ನೋಡಿಕೊಂಡರು. ಸ್ನೇಹ ಮುರಿಯುವುದಕ್ಕಿಂತ ಸುಟ್ಟವನನ್ನು ಹಿಡಿಯುವುದೇ ವಾಸಿ ಅನ್ನಿಸಿರಬೇಕು, ಇಬ್ಬರ ಕಣ್ಣೂ ಒಟ್ಟಿಗೆ ಗುಂಡಣ್ಣನ ಕಡೆ ತಿರುಗಿದವು.

“ಬಾವುಟ ಯಾರದೋ ಕಾನೂನು ಅವರದು ಅಂದ್ರಲ್ಲ? ಬಾವುಟ ನಂದು. ಇಳೀರಿ,” ಅಂದಳು ಪಂಕಜಾ. “ಬನ್ನಿ ಗಿರಿಜಮ್ಮ, ಇಬ್ರು ಕೂರ್ಬಹುದು.”

ಗುಂಡಣ್ಣ ಪಂಚೆ ಎತ್ತಿಕಟ್ಟಿ ನೀರಿಗಿಳಿದ. ಕಾರ್ಯದರ್ಶಿಯವರು ದೋಣಿಯ ಹಗ್ಗವನ್ನು ಅವನ ಕೈಗೆ ಕೊಟ್ಟು ಅಪ್ಪಣೆ ಮಾಡಿದರು: “ನಿಧಾನಕ್ಕೆ ಎಳೀರಿ, ಸೀರೆ ನೆನೆಯುತ್ತೆ.”